ಹಸಿರು ಒಂದೇ, ಬಾಗಿಲು ಹಲವು

ಆಟಗಳಲ್ಲಿ ಬಹುಪಾಲು ಅಳತೆಗೆ ಕಟ್ಟುಬಿದ್ದವು. ಟೆನ್ನಿಸ್ ಅಂಕಣ ಮೈಸೂರಿನಲ್ಲಿದ್ದರೂ ಲಂಡನ್ನಿನಲ್ಲಿದ್ದರೂ ಅದೇ ಉದ್ದ, ಅದೇ ಅಗಲ. ಗಾಲ್ಫ್ ಈ ಕಟ್ಟಳೆಗೆ ಸಿಕ್ಕದ ಆಟ. ಅದರಲ್ಲಿ ನಿಶ್ಚಿತವಾದುದು ಅತಿ ಸ್ವಲ್ಪ: ೪೬ ಗ್ರಾಮಿಗೆ ಮೀರದ ಚೆಂಡು, ನಾಲ್ಕೂಕಾಲು ಅಂಗುಲ ವ್ಯಾಸದ ಕುಳಿ, ಅಂಥ ಹದಿನೆಂಟು ಕುಳಿಗಳು. ಮಿಕ್ಕುದೆಲ್ಲ ನೆಲದ ಇಚ್ಛೆ. ಎಲ್ಲಿ ಹಳ್ಳ, ಎಲ್ಲಿ ದಿಬ್ಬ, ಎಲ್ಲಿ ಮರಳುಗುಂಡಿ, ಎಲ್ಲಿ ಕೊಳ—ಒಂದು ಮೈದಾನದಂತೆ ಇನ್ನೊಂದಿಲ್ಲ. ಆದುದರಿಂದಲೇ ಗಾಲ್ಫ್ ಪ್ರಿಯರು ದೊಡ್ಡ ಆಟಗಾರರನ್ನು ನೆನೆಯುವಷ್ಟೇ ಆದರದಿಂದ ದೊಡ್ಡ ಮೈದಾನಗಳನ್ನೂ ನೆನೆಯುತ್ತಾರೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಮೈದಾನಗಳು ಇಂದು ಸುಮಾರು ಹದಿನಾರು ಸಾವಿರ. ಅವುಗಳಲ್ಲಿ ಹೆಚ್ಚಿನವು ಶುಲ್ಕ ತೆತ್ತು ಯಾರು ಬೇಕಾದರೂ ಆಡಬಹುದಾದವು. ಆದರೆ ಹೆಸರಾಂತ ಮೈದಾನಗಳ ಪಟ್ಟಿಯನ್ನು ತೆರೆದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅವುಗಳಲ್ಲಿ ಅನೇಕವು ಸದಸ್ಯರಿಗೆ ಮಾತ್ರ ಮೀಸಲು. ಹೀಗಾಗಿ ಅಮೆರಿಕದ ಗಾಲ್ಫ್ ಮೈದಾನವನ್ನು ಅರಿಯಬೇಕಾದರೆ ಅದರ ಹುಲ್ಲನ್ನು ನೋಡಿದರೆ ಸಾಲದು, ಬಾಗಿಲನ್ನೂ ನೋಡಬೇಕು. ಆ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದರಲ್ಲಿ ಆ ದೇಶದ ನೂರು ವರ್ಷಗಳ ಕಥೆ ಅಡಗಿದೆ. ಐದು ಮೈದಾನಗಳನ್ನು ಸುತ್ತಿ ಬಂದರೆ ಸಾಕು, ಆ ಕಥೆ ತಿಳಿಯುತ್ತದೆ.

ರಸ್ತೆಯಾಚೆಯ ಹುಡುಗ

ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಬ್ರೂಕ್‌ಲೈನ್ ಎಂಬ ಊರಿದೆ. ಅಲ್ಲಿಯ ‘ದಿ ಕಂಟ್ರಿ ಕ್ಲಬ್’ ೧೮೮೨ರಲ್ಲಿ ಸ್ಥಾಪಿತವಾದುದು. ಸಿರಿವಂತರು ಸಿರಿವಂತರಿಗಾಗಿ ಕಟ್ಟಿಕೊಂಡ ಸಂಸ್ಥೆ. ಅದರ ಹದಿನೇಳನೆಯ ಕುಳಿಗೆ ಎದುರಾಗಿ, ರಸ್ತೆಯ ಆಚೆಗೆ, ಒಂದು ಸಾಧಾರಣ ಮನೆಯಿತ್ತು. ಆ ಮನೆಯ ಹುಡುಗ ಫ್ರಾನ್ಸಿಸ್ ವಿಮೆಟ್. ತಂದೆ ತೋಟದ ಕೆಲಸದವನು. ಹುಡುಗ ಅದೇ ಕ್ಲಬ್ಬಿನಲ್ಲಿ ‘ಕ್ಯಾಡಿ’ಯಾಗಿದ್ದವನು, ಎಂದರೆ ಆಟಗಾರರ ಗಾಲ್ಫ್ ಕೋಲುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಅವರ ಹಿಂದೆ ನಡೆದವನು.

೧೯೧೩ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಾದ ಯು.ಎಸ್. ಓಪನ್ ಈ ಮೈದಾನದಲ್ಲಿ ನಡೆಯಿತು. ಬ್ರಿಟನ್ನಿನಿಂದ ಹ್ಯಾರಿ ವಾರ್ಡನ್, ಟೆಡ್ ರೇ ಎಂಬ ಇಬ್ಬರು ಘಟಾನುಘಟಿಗಳು ಬಂದಿದ್ದರು. ವಿಮೆಟ್‌ಗೆ ಆಗ ಇಪ್ಪತ್ತು ವರ್ಷ. ಆಟದ ಸಾಮಾನುಗಳ ಅಂಗಡಿಯೊಂದರಲ್ಲಿ ನೌಕರಿ. ಅವನ ಚೀಲ ಹೊತ್ತವನು ಎಡ್ಡಿ ಲೋವೆರಿ, ಶಾಲೆ ತಪ್ಪಿಸಿ ಬಂದ ಹತ್ತು ವರ್ಷದ ಪೋರ. ನಾಲ್ಕು ಸುತ್ತುಗಳು ಮುಗಿದಾಗ ಮೂವರದೂ ಸಮಸಮ. ಮರುದಿನ ಮತ್ತೆ ಹದಿನೆಂಟು ಕುಳಿಗಳ ಆಟವಾಯಿತು. ಗಾಲ್ಫಿನಲ್ಲಿ ಕಡಿಮೆ ಹೊಡೆತದವನೇ ಗೆದ್ದವನು. ರೇ ೭೮, ವಾರ್ಡನ್ ೭೭, ವಿಮೆಟ್ ೭೨! ಕೆಲಸದವನ ಮಗ ಗೆದ್ದ ಸುದ್ದಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಗಾಲ್ಫ್ ಸಿರಿವಂತರ ಸೊತ್ತು ಎಂಬ ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು ಅಂದು.

ಕಡಲ ದಂಡೆಯ ಚೆಲುವು

ಅಲ್ಲಿಂದ ಖಂಡದ ಇನ್ನೊಂದು ತುದಿಗೆ ಹೋದರೆ ಕ್ಯಾಲಿಫೋರ್ನಿಯದ ಪೆಬಲ್ ಬೀಚ್. ೧೯೧೯ರಲ್ಲಿ ತೆರೆದ ಈ ಮೈದಾನವನ್ನು ರೂಪಿಸಿದ ಜ್ಯಾಕ್ ನೆವಿಲ್, ಡಗ್ಲಸ್ ಗ್ರಾಂಟ್ ಇಬ್ಬರೂ ಹವ್ಯಾಸಿ ಆಟಗಾರರು. ಶಾಂತಸಾಗರದ ಬಂಡೆಗಳ ಅಂಚನ್ನು ಹಿಡಿದು ಅದರ ಹಲವು ಕುಳಿಗಳು ಸಾಗುತ್ತವೆ. ಅಂಥ ಕಡಲ ದಂಡೆಯನ್ನು ಮನೆಗಳ ನಿವೇಶನಗಳಾಗಿ ಮಾರದೆ ಆಟಕ್ಕೆ ಉಳಿಸಿದುದು ಆ ನೆಲದ ವ್ಯವಹಾರ ನೋಡುತ್ತಿದ್ದ ಸ್ಯಾಮ್ಯುಯೆಲ್ ಮೋರ್ಸ್‌ನ ದೂರದೃಷ್ಟಿ.

ಇಲ್ಲಿಯ ಏಳನೆಯ ಕುಳಿಯ ದೂರ ನೂರು ಗಜಕ್ಕೆ ತುಸು ಮಿಗಿಲು, ಅಷ್ಟೆ. ಎತ್ತರದಿಂದ ಕೆಳಕ್ಕೆ ಹೊಡೆಯಬೇಕು. ಕೆಳಗೆ ಅಂಗೈಯಗಲದ ಹಸಿರು, ಅದರ ಮೂರು ಕಡೆಗೂ ಮರಳು ಮತ್ತು ಸಮುದ್ರ. ಗಾಳಿ ಸುಮ್ಮನಿದ್ದ ದಿನ ಅದು ಮಕ್ಕಳಾಟ. ಕಡಲಿನಿಂದ ಗಾಳಿ ಎದ್ದಿತೋ, ನುರಿತವರೂ ಯಾವ ಕೋಲು ತೆಗೆಯಬೇಕೆಂದು ತಿಳಿಯದೆ ನಿಲ್ಲುತ್ತಾರೆ. ೧೯೭೨ರಲ್ಲಿ ಮೊದಲ ಸಲ ಯು.ಎಸ್. ಓಪನ್ ಇಲ್ಲಿಗೆ ಬಂದಾಗ ಗೆದ್ದವನು ಜ್ಯಾಕ್ ನಿಕ್ಲಸ್. ೨೦೦೦ದಲ್ಲಿ ಟೈಗರ್ ವುಡ್ಸ್ ಇಲ್ಲಿಯೇ ಹದಿನೈದು ಹೊಡೆತಗಳ ಅಂತರದಿಂದ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದ.

ಪೆಬಲ್ ಬೀಚಿನ ಬಾಗಿಲಲ್ಲಿ ಕುಲಗೋತ್ರ ಕೇಳುವವರಿಲ್ಲ. ಆದರೆ ಒಂದು ಸುತ್ತಿನ ಶುಲ್ಕ ಇಂದು ಆರುನೂರು ಡಾಲರಿಗೂ ಹೆಚ್ಚು. ಬಾಗಿಲು ತೆರೆದಿದೆ, ನಿಜ. ಹೊಸ್ತಿಲು ಮಾತ್ರ ಬಲು ಎತ್ತರ.

ಹೂಗಳ ಹೆಸರಿನ ಹದಿನೆಂಟು

ಜಾರ್ಜಿಯ ರಾಜ್ಯದ ಅಗಸ್ಟಾದಲ್ಲಿ ಹಿಂದೆ ಹಣ್ಣು ಹೂಗಳ ಸಸಿ ಬೆಳೆಸುವ ದೊಡ್ಡ ತೋಟವೊಂದಿತ್ತು. ೧೯೩೦ರಲ್ಲಿ ಒಂದೇ ವರ್ಷ ನಾಲ್ಕು ಮಹಾಸ್ಪರ್ಧೆಗಳನ್ನು ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿಗೇ ಸ್ಪರ್ಧೆಗಳಿಂದ ನಿವೃತ್ತನಾದ ಬಾಬಿ ಜೋನ್ಸ್ ಆ ತೋಟವನ್ನು ಆರಿಸಿದ. ಅಲಿಸ್ಟರ್ ಮೆಕೆಂಜಿ ಎಂಬ ತಜ್ಞ ಅವನೊಡನೆ ಕೂಡಿ ಮೈದಾನವನ್ನು ರೂಪಿಸಿದ. ೧೯೩೪ರ ಆರಂಭದಲ್ಲಿಯೇ ಮೆಕೆಂಜಿ ತೀರಿಕೊಂಡ. ಅದೇ ವರ್ಷ ಅಲ್ಲಿ ಆರಂಭವಾದ ‘ಮಾಸ್ಟರ್ಸ್’ ಸ್ಪರ್ಧೆಯನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಹಳೆಯ ತೋಟದ ನೆನಪಿಗೆ ಪ್ರತಿಯೊಂದು ಕುಳಿಗೂ ಒಂದೊಂದು ಗಿಡದ ಹೆಸರು: ಮ್ಯಾಗ್ನೋಲಿಯ, ಕಮೀಲಿಯ, ಅಝೇಲಿಯ. ಗೆದ್ದವನಿಗೆ ಹಸಿರು ಕೋಟು ತೊಡಿಸುವ ಪದ್ಧತಿ ೧೯೪೯ರಿಂದ ಬಂದುದು.

ಇಷ್ಟು ಚೆಲುವಾದ ಮೈದಾನದ ಬಾಗಿಲು ಬಹು ಕಿರಿದು. ಸದಸ್ಯತ್ವಕ್ಕೆ ಅರ್ಜಿ ಹಾಕುವ ಕ್ರಮವೇ ಇಲ್ಲ. ಕರೆ ಬಂದರೆ ಉಂಟು. ೧೯೮೨ರವರೆಗೂ ಮಾಸ್ಟರ್ಸ್‌ನಲ್ಲಿ ಆಡುವವರು ಕ್ಲಬ್ಬಿನ ಕ್ಯಾಡಿಗಳನ್ನೇ ಜೊತೆಗೆ ಕರೆದೊಯ್ಯಬೇಕಾಗಿತ್ತು. ಆ ಕ್ಯಾಡಿಗಳು ಕಪ್ಪು ಜನರು. ಮೈದಾನದ ಒಂದೊಂದು ಇಳಿಜಾರನ್ನೂ ಬಲ್ಲ ಅವರ ಮಾತನ್ನು ಚಾಂಪಿಯನ್ನರು ಕೇಳುತ್ತಿದ್ದರು. ಆದರೆ ಅವರ ಬಣ್ಣದವನೊಬ್ಬ ಸ್ಪರ್ಧಿಯಾಗಿ ಅಲ್ಲಿ ಹೆಜ್ಜೆಯಿಟ್ಟುದು ೧೯೭೫ರಲ್ಲಿ. ಅವನು ಲೀ ಎಲ್ಡರ್. ಸ್ಪರ್ಧೆ ಆರಂಭವಾಗಿ ಆ ವೇಳೆಗೆ ನಲವತ್ತೊಂದು ವರ್ಷಗಳು ಕಳೆದಿದ್ದವು. ಅಗಸ್ಟಾ ಒಂದನ್ನೇ ದೂರಿ ಫಲವಿಲ್ಲ. ಅಮೆರಿಕದ ವೃತ್ತಿನಿರತ ಗಾಲ್ಫ್ ಆಟಗಾರರ ಸಂಘವೇ ಬಿಳಿಯರಲ್ಲದವರಿಗೆ ಸದಸ್ಯತ್ವವಿಲ್ಲ ಎಂಬ ವಿಧಿಯನ್ನು ೧೯೬೧ರವರೆಗೂ ತನ್ನ ನಿಬಂಧನೆಗಳಲ್ಲಿ ಇಟ್ಟುಕೊಂಡಿತ್ತು.

೧೯೯೦ರಲ್ಲಿ ಅಗಸ್ಟಾ ಕ್ಲಬ್ಬು ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡಿತು. ೧೯೯೭ರಲ್ಲಿ ಇಪ್ಪತ್ತೊಂದು ವರ್ಷದ ಟೈಗರ್ ವುಡ್ಸ್ ಹನ್ನೆರಡು ಹೊಡೆತಗಳ ಅಂತರದಿಂದ ಮಾಸ್ಟರ್ಸ್ ಗೆದ್ದ. ಅಂದು ಎಲ್ಡರ್ ನೋಡಲು ಬಂದಿದ್ದ. ಕ್ಲಬ್ಬಿನಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರು ಕೆಲಸ ಬಿಟ್ಟು ಹೊರಬಂದು ನಿಂತು ನೋಡಿದರು. ಭಾರತದ ಆಟಗಾರನೊಬ್ಬ, ಜೀವ್ ಮಿಲ್ಖಾ ಸಿಂಗ್, ಈ ಸ್ಪರ್ಧೆಯಲ್ಲಿ ಮೊದಲು ಆಡಿದುದು ೨೦೦೭ರಲ್ಲಿ. ಸ್ತ್ರೀಯರು ಇನ್ನೂ ಕಾಯಬೇಕಾಯಿತು. ೨೦೧೨ರಲ್ಲಿ ಕಾಂಡೊಲೀಝ ರೈಸ್, ಡಾರ್ಲ ಮೂರ್ ಎಂಬಿಬ್ಬರು ಮೊದಲ ಮಹಿಳಾ ಸದಸ್ಯರಾದರು.

ಕಾರಿನಲ್ಲಿ ಕಳೆಯುವ ರಾತ್ರಿ

ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆತ್‌ಪೇಜ್ ಎಂಬ ಉದ್ಯಾನವಿದೆ. ಅದರ ಒಡೆಯ ನ್ಯೂಯಾರ್ಕ್ ರಾಜ್ಯ ಸರ್ಕಾರ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕಂಗಾಲಾದವರಿಗೆ ಕೂಲಿ ಕೊಟ್ಟು ಇಲ್ಲಿ ಮೈದಾನಗಳನ್ನು ಕಟ್ಟಿಸಿದರು. ಉದ್ಯಾನದ ಐದು ಮೈದಾನಗಳಲ್ಲಿ ಅತಿ ಪ್ರಸಿದ್ಧವಾದ ‘ಬ್ಲ್ಯಾಕ್’ ತೆರೆದುದು ೧೯೩೬ರಲ್ಲಿ. ಮೊದಲ ಹೊಡೆತದ ಜಾಗದಲ್ಲಿಯೇ ಒಂದು ಎಚ್ಚರಿಕೆಯ ಫಲಕ: ಇದು ಬಹು ಕಠಿಣವಾದ ಮೈದಾನ, ನುರಿತವರು ಮಾತ್ರ ಆಡುವುದು ಲೇಸು! ಫಲಕವನ್ನು ಕಂಡು ಹಿಂದಿರುಗಿದವರಿಗಿಂತ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮುಂದೆ ಹೋದವರೇ ಹೆಚ್ಚು. ಇಲ್ಲಿ ಬಂಡಿಯೇರಿ ಸುತ್ತುವಂತಿಲ್ಲ. ಹದಿನೆಂಟು ಕುಳಿಗಳನ್ನೂ ಕಾಲ್ನಡಿಗೆಯಲ್ಲಿಯೇ ಮುಗಿಸಬೇಕು.

ಮುಂಗಡವಾಗಿ ಸರದಿ ದೊರೆಯದವರು ಹಿಂದಿನ ರಾತ್ರಿಯೇ ಬಂದು ಕಾರು ನಿಲ್ಲಿಸಿ, ಅದರಲ್ಲಿಯೇ ಮಲಗಿ ಬೆಳಗು ಮಾಡುತ್ತಾರೆ. ಆ ಸಾಲಿನಲ್ಲಿ ಮೊದಲು ಬಂದವನಿಗೆ ಮೊದಲ ಸರದಿ. ಅವನು ಯಾರು, ಯಾರ ಮಗ ಎಂಬ ವಿಚಾರಣೆಯಿಲ್ಲ. ರಾಜ್ಯದ ನಿವಾಸಿಗೆ ಶುಲ್ಕ ಪೆಬಲ್ ಬೀಚಿನದರಲ್ಲಿ ಒಂದು ಸಣ್ಣ ಪಾಲು. ಇಂಥ ಮೈದಾನದಲ್ಲಿ ೨೦೦೨ರಲ್ಲಿ ಯು.ಎಸ್. ಓಪನ್ ನಡೆದಾಗ, ಜನರ ಸೊತ್ತಾದ ನೆಲದಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯುವುದೇ ಒಂದು ಹಬ್ಬವೆಂಬಂತೆ ನ್ಯೂಯಾರ್ಕಿನವರು ನೆರೆದರು. ೨೦೨೫ರಲ್ಲಿ ಅಮೆರಿಕ–ಯೂರೋಪುಗಳ ನಡುವಣ ರೈಡರ್ ಕಪ್ ಪಂದ್ಯವೂ ಇಲ್ಲಿಯೇ ನಡೆದು, ಯೂರೋಪ್ ತಂಡ ಗೆದ್ದಿತು.

ಕೈಯಾರೆ ಬಿತ್ತಿದ ಹುಲ್ಲು

ಐದನೆಯ ಮೈದಾನದ ಹೆಸರು ಹೆಚ್ಚು ಜನ ಕೇಳಿರಲಾರರು. ಅದು ಒಹಾಯೊ ರಾಜ್ಯದ ಈಸ್ಟ್ ಕ್ಯಾಂಟನ್ ಎಂಬ ಸಣ್ಣ ಊರಿನ ಕ್ಲಿಯರ್‌ವ್ಯೂ.

ಬಿಲ್ ಪೊವೆಲ್ ಕಪ್ಪು ಜನಾಂಗದವನು. ಬಾಲ್ಯದಲ್ಲಿ ಕ್ಯಾಡಿಯಾಗಿ ಆಟ ಕಲಿತವನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಮೈದಾನಗಳು ಅವನನ್ನು ಆಡಗೊಟ್ಟವು. ದೇಶಕ್ಕಾಗಿ ಯುದ್ಧ ಮುಗಿಸಿ ಬಂದವನಿಗೆ ಸ್ವಂತ ಊರಿನ ಬಳಿಯ ಮೈದಾನಗಳು ಬಾಗಿಲು ಮುಚ್ಚಿದವು. ಯೋಧರಿಗೆಂದು ಇದ್ದ ಸಾಲವೂ ಸಿಗಲಿಲ್ಲ. ಮತ್ತೊಬ್ಬನಾಗಿದ್ದರೆ ಕೋಲುಗಳನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದ. ಪೊವೆಲ್ ತಾನೇ ಒಂದು ಮೈದಾನ ಕಟ್ಟಲು ಹೊರಟ. ಇಬ್ಬರು ಕಪ್ಪು ವೈದ್ಯರು ಕೈಜೋಡಿಸಿದರು. ಅಣ್ಣ ತನ್ನ ಮನೆಯನ್ನು ಒತ್ತೆಯಿಟ್ಟ. ೧೯೪೬ರಲ್ಲಿ ೭೮ ಎಕರೆಯ ಹಳೆಯ ಹೈನು ಹೊಲವೊಂದು ದೊರೆಯಿತು. ಪೊವೆಲ್ ಕಾರ್ಖಾನೆಯೊಂದರಲ್ಲಿ ಕಾವಲುಗಾರನಾಗಿ ಇರುಳು ದುಡಿದ. ಹಗಲೆಲ್ಲ ಕಲ್ಲು ಹೆಕ್ಕಿದ, ಬೇಲಿಯ ಕಂಬ ಕಿತ್ತ, ಕೈಯಾರೆ ಹುಲ್ಲು ಬಿತ್ತಿದ. ಹೆಂಡತಿ ಮಾರ್ಸೆಲ ಜೊತೆಗೆ ನಿಂತಳು. ೧೯೪೮ರಲ್ಲಿ ಒಂಬತ್ತು ಕುಳಿಗಳು ಸಿದ್ಧವಾದವು. ಹದಿನೆಂಟೂ ಪೂರ್ಣವಾಗಲು ೧೯೭೮ ಬರಬೇಕಾಯಿತು. ಮೂವತ್ತು ವರ್ಷಗಳ ದುಡಿಮೆ! ಆ ಬಾಗಿಲಲ್ಲಿ ಬಿಳಿಯರನ್ನೂ ತಡೆದವರಿಲ್ಲ, ಕಪ್ಪು ಜನರನ್ನೂ ತಡೆದವರಿಲ್ಲ.

ಅದೇ ಹುಲ್ಲಿನ ಮೇಲೆ ಆಟ ಕಲಿತ ಮಗಳು ರೆನೆ ಪೊವೆಲ್ ೧೯೬೭ರಲ್ಲಿ ಮಹಿಳೆಯರ ವೃತ್ತಿಪರ ಗಾಲ್ಫ್ ವಲಯವನ್ನು ಸೇರಿದಳು. ಆ ಮನ್ನಣೆಗೆ ಪಾತ್ರಳಾದ ಎರಡನೆಯ ಕಪ್ಪು ಮಹಿಳೆ ಆಕೆ. ೨೦೦೧ರಲ್ಲಿ ಕ್ಲಿಯರ್‌ವ್ಯೂ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ೨೦೦೯ರಲ್ಲಿ, ಒಂದು ಕಾಲಕ್ಕೆ ಬಿಳಿಯರಲ್ಲದವರನ್ನು ದೂರವಿಟ್ಟಿದ್ದ ಅದೇ ವೃತ್ತಿನಿರತರ ಸಂಘ ತನ್ನ ವಿಶಿಷ್ಟ ಸೇವಾ ಪ್ರಶಸ್ತಿಯನ್ನು ತೊಂಬತ್ತೆರಡು ವರ್ಷದ ಪೊವೆಲ್‌ಗೆ ಒಪ್ಪಿಸಿತು. ಅದೇ ವರ್ಷದ ಕೊನೆಯ ದಿನ ಆ ಮುದುಕ ಕಣ್ಣುಮುಚ್ಚಿದ.

ಪೆಬಲ್ ಬೀಚಿನ ಕಡಲಾಗಲಿ ಅಗಸ್ಟಾದ ಹೂಗಳಾಗಲಿ ಕ್ಲಿಯರ್‌ವ್ಯೂಗೆ ಇಲ್ಲ. ಅಲ್ಲಿರುವುದು ಒಹಾಯೊದ ಸಾಧಾರಣವಾದ ಏರುತಗ್ಗಿನ ನೆಲ, ಹಳೆಯ ಮರಗಳು, ಒಬ್ಬ ಮನುಷ್ಯ ಹಗಲು ಹೊತ್ತಿನಲ್ಲಿ ನಿದ್ದೆಗೆಟ್ಟು ಬಿತ್ತಿದ ಹುಲ್ಲು. ಅಮೆರಿಕದ ಗಾಲ್ಫ್ ಮೈದಾನಗಳನ್ನು ನೋಡಲು ಹೊರಟವರು ಆ ಹುಲ್ಲಿನ ಮೇಲೂ ಒಮ್ಮೆ ನಡೆದು ಬರುವುದು ಒಳ್ಳೆಯದು.