ಕೊಲೆಸ್ಟ್ರಾಲಿಗೂ ಕಣ್ಣಿಗೂ ಏನು ನಂಟು?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಕಣ್ಣಿನ ಡಾಕ್ಟರು ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಮಾಡಿಸಿ ಎಂದರು. ಯಾಕೆ?

ಉತ್ತರ: ಅವರು ಹೇಳಿದ್ದು ಸರಿ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಜಿನುಗತೊಡಗುತ್ತವೆ. ಸೋರಿದ ನೀರಿನಂಶ ಹೀರಿಹೋದರೂ ಜೊತೆಗೆ ಬಂದ ಕೊಲೆಸ್ಟ್ರಾಲಿನಂಥ ಕೊಬ್ಬು ಅಲ್ಲೇ ಹಳದಿ ಚುಕ್ಕೆಗಳಾಗಿ ಉಳಿಯುತ್ತದೆ. ಅವು ದೃಷ್ಟಿಯ ಕೇಂದ್ರದಲ್ಲಿ ಕೂತರೆ ಓದುವುದೇ ಕಷ್ಟ. 2010ರಲ್ಲಿ ಪ್ರಕಟವಾದ, ಸಕ್ಕರೆ ಕಾಯಿಲೆಯವರ ಮೇಲಿನ ಅಕಾರ್ಡ್ ಅಧ್ಯಯನದಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜೊತೆ ರಕ್ತದ ಕೊಬ್ಬು ಇಳಿಸುವ ಫೆನೋಫೈಬ್ರೇಟ್ ಮಾತ್ರೆಯನ್ನೂ ಪಡೆದವರ ಪೈಕಿ 4 ವರ್ಷದಲ್ಲಿ ಕಣ್ಣಿನ ತೊಂದರೆ ಹೆಚ್ಚಿದ್ದು ಶೇ. 6.5 ಮಂದಿಗೆ, ಸ್ಟ್ಯಾಟಿನ್ ಮಾತ್ರ ಪಡೆದವರಲ್ಲಿ ಶೇ. 10.2. ಆದರೂ ಸಕ್ಕರೆ, ಬಿಪಿ ಹತೋಟಿಯೇ ಮೊದಲು. ಫೆನೋಫೈಬ್ರೇಟ್ ಮಾತ್ರೆಯನ್ನು ನೀವಾಗಿಯೇ ತಂದು ನುಂಗಬೇಡಿ. ಕಿಡ್ನಿ ತೀರಾ ಸೋತವರಿಗೆ ಅದು ಕೂಡದು. ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿಕೊಂಡು ಅಕ್ಷಿಪಟಲದ ಪರೀಕ್ಷೆ ಮಾಡಿಸಿ.