ಜಗಳಕ್ಕೆ ಬಾರದ ವೈರಸ್ಸು

‘ನಮ್ಮ ಅತ್ತಿಗೆಗೆ ಗರ್ಭಕಂಠದ ಕ್ಯಾನ್ಸರ್ ಆಗಿದೆ. ವೈರಸ್ಸಿನಿಂದ ಬಂದದ್ದು ಅಂತ ಡಾಕ್ಟರು ಹೇಳಿದರು. ನೆಗಡಿಗೂ ಮಲಗಿದವರಲ್ಲ, ಅಂಥ ಗಟ್ಟಿ ಜೀವ. ಅವರ ಮೈಯಲ್ಲಿ ವೈರಸ್ಸು ಇಷ್ಟು ವರ್ಷ ಉಳಿದದ್ದಾದರೂ ಹೇಗೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಈ ಪ್ರಶ್ನೆ ನಮ್ಮೆಲ್ಲರದು. ಮೈ ಗಟ್ಟಿಯಿದ್ದರೆ ವೈರಸ್ಸು ಸೋಲಲೇಬೇಕು, ಅದು ಉಳಿದಿದೆಯೆಂದರೆ ಮೈಯಲ್ಲಿ ಕಸುವಿಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ಕೋವಿಡ್ ಬಂದುಹೋದ ಮೇಲಂತೂ ‘ಇಮ್ಯುನಿಟಿ’ ಹೆಚ್ಚಿಸುವ ಪುಡಿ, ಲೇಹ್ಯ, ಕಷಾಯಗಳ ವ್ಯಾಪಾರವೆಲ್ಲ ಈ ನಂಬಿಕೆಯ ಮೇಲೆಯೇ ನಡೆಯುತ್ತಿದೆ. ಆದರೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸು, ನಮ್ಮ ರಕ್ಷಣಾ ವ್ಯವಸ್ಥೆಯ ಜೊತೆ ಜಗಳಕ್ಕೇ ಬರುವುದಿಲ್ಲ. ತಾನಿರುವ ಸುಳಿವನ್ನೇ ಅದು ಕೊಡುವುದಿಲ್ಲ. ಅದರ ಈ ಜಾಣತನವನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ.

ಬಾಳೆಗಿಡದ ಕಾಂಡವನ್ನು ನೋಡಿ. ಹೊಸದೆಲ್ಲ ನಡುವಿನಿಂದ ಹುಟ್ಟುತ್ತದೆ. ಹಳೆಯ ಪಟ್ಟೆಗಳು ಹೊರಹೊರಗೆ ಸರಿದು, ಒಣಗಿ, ಕಡೆಗೆ ಕಳಚಿ ಬೀಳುತ್ತವೆ. ನಮ್ಮ ಚರ್ಮವೂ ಗರ್ಭಕಂಠದ ಹೊರಮೈಯೂ ಹೀಗೆಯೇ. ಕೋಶಗಳು ತಳದ ಪದರದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತ ಚಪ್ಪಟೆಯಾಗಿ, ತುದಿ ಮುಟ್ಟುವ ಹೊತ್ತಿಗೆ ಸತ್ತು ಉದುರುತ್ತವೆ. ಎಚ್‌ಪಿವಿ ತನ್ನ ಇಡೀ ಬಾಳನ್ನು ಈ ಪಯಣಕ್ಕೆ ಹೊಂದಿಸಿಕೊಂಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನ ಮೂಲಕ ಅದು ತಳದ ಪದರಕ್ಕೆ ಇಳಿಯುತ್ತದೆ. ಅಲ್ಲಿ ರಕ್ತನಾಳಗಳು ಹತ್ತಿರ, ಕಾವಲು ಕೋಶಗಳ ಓಡಾಟವೂ ಇದೆ. ಹಾಗಾಗಿ ಅಲ್ಲಿರುವಷ್ಟು ಕಾಲ ತೆಪ್ಪಗಿರುತ್ತದೆ: ತನ್ನ ಡಿಎನ್‌ಎಯ ಕೆಲವೇ ಪ್ರತಿಗಳನ್ನು ಇಟ್ಟುಕೊಂಡು, ಪ್ರೋಟೀನು ತಯಾರಿಸುವುದನ್ನು ಆದಷ್ಟೂ ಕಡಿಮೆ ಮಾಡಿಕೊಂಡು. ಕೋಶ ಮೇಲೇರಿದ ಮೇಲೆ ಪ್ರತಿಗಳು ಸಾವಿರಗಟ್ಟಲೆ ಆಗುತ್ತವೆ. ದೇಹ ಗುರುತು ಹಿಡಿಯಬಹುದಾದ ಹೊರಕವಚವನ್ನು ಅದು ಹೊಲಿದುಕೊಳ್ಳುವುದು ಎಲ್ಲಕ್ಕಿಂತ ಮೇಲಿನ ಪದರಗಳಲ್ಲಿ, ಉದುರುವ ಹೊತ್ತು ಹತ್ತಿರ ಬಂದಾಗ.

ಪೋಲಿಯೊದಂಥ ವೈರಸ್ಸು ಕೋಶವನ್ನು ಒಡೆದು ಹೊರಬರುತ್ತದೆ. ಒಡೆದ ಕೋಶದಿಂದ ಸೋರಿದ ವಸ್ತುಗಳೇ ಅಪಾಯದ ಸುಳಿವಾಗಿ ಉರಿಯೂತ ಏಳುತ್ತದೆ, ಜ್ವರ ಬರುತ್ತದೆ. ಎಚ್‌ಪಿವಿ ಯಾವ ಕೋಶವನ್ನೂ ಕೊಲ್ಲಬೇಕಾಗಿಲ್ಲ. ಹೇಗೂ ಸಾಯಲಿರುವ ಕೋಶದಲ್ಲಿ ಕೂತು, ಅದು ಉದುರಿದಾಗ ತಾನೂ ಹೊರಬೀಳುತ್ತದೆ. ಉರಿಯಿಲ್ಲ, ಜ್ವರವಿಲ್ಲ. ರಕ್ತಕ್ಕೆ ಇಳಿಯುವುದೂ ಇಲ್ಲ. ಸೋಂಕು ತಗುಲಿದ ಹೆಂಗಸರಲ್ಲಿ ಎಷ್ಟೋ ಜನರ ರಕ್ತದಲ್ಲಿ ಇದರ ವಿರುದ್ಧ ಅಳೆಯುವಷ್ಟು ಪ್ರತಿಕಾಯವೂ ಹುಟ್ಟಿರುವುದಿಲ್ಲ.

ಇಷ್ಟು ಸಾಲದೆಂದು ಕೆಲವು ಕೈಚಳಕಗಳೂ ಇವೆ. ಸೋಂಕು ತಗುಲಿದ ಕೋಶ ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಮೇಲ್ಮೈಗೆ ತಂದು ಟಿ ಕೋಶಗಳೆಂಬ ಕಾವಲು ಕೋಶಗಳಿಗೆ ತೋರಿಸುವುದು ದೇಹದ ಕ್ರಮ. ವೈರಸ್ಸಿನ ಇ5 ಎಂಬ ಪ್ರೋಟೀನು ಆ ಚೂರು ಹೊರುವ ಅಣುಗಳನ್ನು ಕೋಶದ ಒಳಗೇ ತಡೆದಿಡುತ್ತದೆ. ಇ6 ಮತ್ತು ಇ7, ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಹುಟ್ಟದಂತೆ ನೋಡಿಕೊಳ್ಳುತ್ತವೆ. ಇವೇ ಎರಡು, ಕೋಶದ ವಿಭಜನೆಗೆ ಕಡಿವಾಣ ಹಾಕುವ ಪಿ53 ಮತ್ತು ಆರ್‌ಬಿ ಎಂಬ ಪ್ರೋಟೀನುಗಳನ್ನೂ ಹಾಳುಗೆಡವುತ್ತವೆ. ಮೇಲಿನ ಪದರದ ಕೋಶ ವಿಭಜನೆ ನಿಲ್ಲಿಸಿಬಿಟ್ಟರೆ ಡಿಎನ್‌ಎ ನಕಲು ಮಾಡುವ ಸಲಕರಣೆ ವೈರಸ್ಸಿಗೆ ಸಿಗುವುದಿಲ್ಲ, ಅದಕ್ಕೆ.

ಹಾಗಾದರೆ ಕ್ಯಾನ್ಸರ್ ತರುವುದೇ ಅದರ ಉದ್ದೇಶವೇ? ಅಲ್ಲ. ಸೋಂಕು ವರ್ಷಗಟ್ಟಲೆ ಉಳಿದಾಗ ಕೆಲವೊಮ್ಮೆ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಇ6, ಇ7 ಅಂಕೆ ತಪ್ಪುತ್ತವೆ, ತಪ್ಪುಗಳು ಕೂಡುತ್ತ ಕೋಶ ಕ್ಯಾನ್ಸರಾಗುತ್ತದೆ. ಅಂಥ ಕೋಶದಿಂದ ಹೊಸ ವೈರಸ್ಸು ಹೊರಬರುವುದಿಲ್ಲ. ವೈರಸ್ಸಿನ ವಂಶವೂ ಅಲ್ಲಿಗೆ ಮುಗಿಯಿತು. ಯಾರಿಗೂ ಪ್ರಯೋಜನವಿಲ್ಲದ ಈ ಅವಘಡ ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಬರುತ್ತದೆ, ಸುಮಾರು 80 ಸಾವಿರ ಜೀವ ತೆಗೆಯುತ್ತದೆ ಎಂದು 2022ರ ಅಂದಾಜು.

ದೇಹ ಪೂರ್ತಿ ಮೋಸಹೋಗುತ್ತದೆ ಎಂದೂ ಅಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ತಾವಾಗಿ ಅಡಗುತ್ತವೆ. ಟಿ ಕೋಶಗಳಿಗೆ ಒಮ್ಮೆ ಸುಳಿವು ಸಿಕ್ಕರೆ ಕೆಲಸ ಬೇಗ. ಕೈಕಾಲಿನ ನರಹುಲಿಯೂ ಇದೇ ಕುಟುಂಬದ, ಆದರೆ ಕ್ಯಾನ್ಸರ್ ತಾರದ, ಬೇರೆ ತಳಿಗಳ ಕೆಲಸ. ನಮ್ಮ ಶಾಲೆಯಲ್ಲೊಬ್ಬ ಹುಡುಗನ ಬೆರಳ ತುಂಬ ನರಹುಲಿ. ಮನೆಯವರು ಕುದುರೆ ಬಾಲದ ಕೂದಲು ಕಟ್ಟಿದರು, ಕಲ್ಯಾಣಿಗೆ ಉಪ್ಪು ಸುರಿಯುವ ಹರಕೆ ಹೊತ್ತರು. ಒಂದು ದಿನ ಎಲ್ಲವೂ ಒಟ್ಟಿಗೆ ಉದುರಿದವು, ಕೂದಲು ಕಟ್ಟದ ಬೆರಳಿನವೂ. ಹೀಗೆ ಒಟ್ಟಿಗೆ ಹೋಗುವುದು ಒಳಗಿನ ಕೋಶಗಳು ಎಚ್ಚೆತ್ತದ್ದರ ಗುರುತು. ಮಕ್ಕಳ ನರಹುಲಿಯಲ್ಲಿ ಹೆಚ್ಚಿನವು ಎರಡು ವರ್ಷದಲ್ಲಿ ತಾವೇ ಹೋಗುತ್ತವೆ. ಹೆಸರು ಮಾತ್ರ ಕಲ್ಯಾಣಿಗೆ. ನರಹುಲಿಗೆ ಹರಕೆ ಹೊತ್ತರೆ ನಷ್ಟ ಒಂದು ಹಿಡಿ ಉಪ್ಪು. ಆದರೆ ಬಿಳಿಸೆರಗು, ಹೊತ್ತಲ್ಲದ ಹೊತ್ತಿನ ರಕ್ತಸ್ರಾವ ಕಂಡ ಹೆಂಗಸನ್ನು ‘ಯಾರದೋ ಶಾಪ’ ಎಂದು ದೇವರ ಪ್ರಶ್ನೆಗೆ ಕರೆದೊಯ್ದು ತಿಂಗಳು ಕಳೆಯುವುದು ಅಕ್ಷಮ್ಯ. ಆಕೆಯ ತಟ್ಟೆ ಲೋಟ ಬೇರೆ ಇಡುವುದಂತೂ ಶುದ್ಧ ಕ್ರೌರ್ಯ. ಈ ವೈರಸ್ಸು ಲೈಂಗಿಕ ಸಂಪರ್ಕದಿಂದ ದಾಟುತ್ತದೆ, ಬಾಳಿನಲ್ಲಿ ಒಮ್ಮೆಯಾದರೂ ಬಹುಪಾಲು ಹೆಂಗಸರಿಗೂ ಗಂಡಸರಿಗೂ ತಗಲುತ್ತದೆ. ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು.

ಸುಳಿವೇ ಕೊಡದ ಈ ವೈರಸ್ಸಿಗೆ ಲಸಿಕೆ ಹೇಗೆ ಮಾಡುವುದು? 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ ವೈರಸ್ಸಿನ ಕವಚದ ಪ್ರೋಟೀನುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಅವು ತಾವೇ ಜೋಡಿಸಿಕೊಂಡು ಒಳಗೆ ಡಿಎನ್‌ಎ ಇಲ್ಲದ ಪೊಳ್ಳು ಚೆಂಡುಗಳಾದವು. ಇಂದಿನ ಲಸಿಕೆಗಳಲ್ಲಿ ಇರುವುದು ಎಲ್1 ಎಂಬ ಒಂದೇ ಪ್ರೋಟೀನಿನ ಇಂಥ ಚೆಂಡು. ಅದನ್ನು ಚುಚ್ಚುವುದು ತೋಳಿನ ಸ್ನಾಯುವಿಗೆ. ನಿಜವಾದ ವೈರಸ್ಸು ಜನ್ಮದಲ್ಲಿ ಕಾಲಿಡದ ಜಾಗ ಅದು! ಉದುರುವ ಪದರದಲ್ಲಿ ಬಚ್ಚಿಟ್ಟ ಕವಚ, ರಕ್ತನಾಳ ತುಂಬಿದ ಸ್ನಾಯುವಿನಲ್ಲಿ ಒಮ್ಮೆಲೇ ಬಯಲಾಗುತ್ತದೆ. ಆಗ ಹುಟ್ಟುವ ಪ್ರತಿಕಾಯಗಳು ಸಹಜ ಸೋಂಕಿನಿಂದ ಹುಟ್ಟುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಾಮಾನ್ಯವಾಗಿ ನಿಜವಾದ ಕಾಯಿಲೆಯೇ ಒಳ್ಳೆಯ ಪಾಠ ಕಲಿಸುತ್ತದೆ ಎನ್ನುತ್ತೇವಲ್ಲ, ಇಲ್ಲಿ ಲಸಿಕೆಯೇ ಮೇಲು. ಆದರೆ ಈಗಾಗಲೇ ಒಳಸೇರಿದ ವೈರಸ್ಸನ್ನು ಅದು ತೆಗೆಯಲಾರದು. ಅದಕ್ಕೇ 9ರಿಂದ 14ರ ವಯಸ್ಸಿನಲ್ಲಿ ಹಾಕಿಸುವುದು.

ಎಷ್ಟು ಡೋಸು ಬೇಕು ಎಂಬುದಕ್ಕೆ ಉತ್ತರದ ಒಂದು ಪಾಲು ಸಿಕ್ಕಿದ್ದು ನಮ್ಮ ದೇಶದಲ್ಲಿ, ಅದೂ ಯಾರೂ ಯೋಜಿಸದ ರೀತಿಯಲ್ಲಿ. ಎರಡು ಡೋಸು ಸಾಕೋ ಮೂರು ಬೇಕೋ ಎಂದು ನೋಡುವ ದೊಡ್ಡ ಅಧ್ಯಯನವೊಂದು ಇಲ್ಲಿ 2009ರಲ್ಲಿ ಶುರುವಾಯಿತು. ಬೇರೊಂದು ಲಸಿಕಾ ಯೋಜನೆಯ ಬಗ್ಗೆ ಎದ್ದ ವಿವಾದದಿಂದ 2010ರಲ್ಲಿ ಸರ್ಕಾರ ಈ ಲಸಿಕೆಯ ಅಧ್ಯಯನಗಳನ್ನೆಲ್ಲ ತಡೆಯಿತು. ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ನಿಂತರು. ಸಂಶೋಧಕರು ಅವರನ್ನು ಕೈಬಿಡದೆ ವರ್ಷವರ್ಷವೂ ನೋಡುತ್ತ ಬಂದರು. 2021ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶದಲ್ಲಿ, ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇ 70ಕ್ಕೆ ಕಾರಣವಾದ 16 ಮತ್ತು 18ನೇ ತಳಿಗಳ ಬಿಡದ ಸೋಂಕನ್ನು ಒಂದು ಡೋಸೂ ಮೂರು ಡೋಸಿನಷ್ಟೇ, ಅಂದರೆ ಶೇ 90ಕ್ಕೂ ಮೀರಿ, ತಡೆದಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹುಡುಗಿಯರಿಗೆ ಒಂದೇ ಡೋಸು ಕೊಡಬಹುದೆಂದು ಒಪ್ಪಿದಾಗ ಅದರ ಮುಂದಿದ್ದ ಪುರಾವೆಗಳಲ್ಲಿ ಈ ಹುಡುಗಿಯರ ಲೆಕ್ಕವೂ ಇತ್ತು.