ಪ್ಲೇಟಿನ ಇನ್ನೊಂದು ಮಗ್ಗುಲು

ಮುಂಬೈನ ಫೋರ್ಟ್ ಕಡೆ ಕೆಲಸ ಮಾಡುವವರಿಗೆ ಸಂಜೆ ಐದೂವರೆಯ ಸದ್ದು ಚೆನ್ನಾಗಿ ಗೊತ್ತು. ಹಳೆಯ ಕಟ್ಟಡಗಳ ಮೆಟ್ಟಿಲುಗಳ ಮೇಲೆ ನೂರಾರು ಕಾಲುಗಳು ಒಮ್ಮೆಲೇ ದಡದಡ ಇಳಿಯುತ್ತವೆ. ಅರ್ಧ ಜನ ಚರ್ಚ್‌ಗೇಟ್ ಕಡೆಗೆ, ಇನ್ನರ್ಧ ಜನ ಸಿಎಸ್‌ಎಂಟಿ ಕಡೆಗೆ. ಫಾಸ್ಟ್ ಲೋಕಲ್ ತಪ್ಪಿದರೆ ಮುಂದಿನದರಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ ಎಂಬ ಅವಸರ. ಹುಬ್ಬಳ್ಳಿಯಿಂದ ಬಂದ ನಾನೂ ಆರು ವರ್ಷದಿಂದ ಈ ಗುಂಪಿನಲ್ಲಿ ಒಬ್ಬನಾಗಿ ಇಳಿಯುತ್ತಿದ್ದೇನೆ. ಈ ಸದ್ದಿಗೊಂದು ಚರಿತ್ರೆ ಇದೆ ಎಂದು ಗೊತ್ತಾದದ್ದು ಮಾತ್ರ ಇತ್ತೀಚೆಗೆ.

1968ರ ಜನವರಿಯಲ್ಲಿ ಇದೇ ಸದ್ದಿನಿಂದಾಗಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ರೆಕಾರ್ಡಿಂಗ್ ನಿಲ್ಲಿಸಬೇಕಾಗುತ್ತಿತ್ತು. ಫಿರೋಜ್‌ಷಾ ಮೆಹ್ತಾ ರಸ್ತೆಯ ಯೂನಿವರ್ಸಲ್ ಇನ್ಶೂರೆನ್ಸ್ ಕಟ್ಟಡದಲ್ಲಿ ಆಗ ಎಚ್‌ಎಂವಿ ಸ್ಟುಡಿಯೋ ಇತ್ತು. ಹೊರಗಿನ ಸದ್ದು ತಡೆಯುವ ಏರ್ಪಾಡು ಅಷ್ಟಕ್ಕಷ್ಟೆ. ಐದೂವರೆಗೆ ಕಚೇರಿಗಳು ಬಿಟ್ಟವೆಂದರೆ ಮೆಟ್ಟಿಲಿಳಿಯುವವರ ಕಾಲಸಪ್ಪಳವೆಲ್ಲ ಟೇಪಿಗೆ ಬರುತ್ತಿತ್ತು ಎಂದು ಹ್ಯಾರಿಸನ್ ಎಷ್ಟೋ ವರ್ಷಗಳ ನಂತರ ಒಂದು ಸಂದರ್ಶನದಲ್ಲಿ ನೆನಪಿಸಿಕೊಂಡಿದ್ದರು. ಅವರು ಬಂದದ್ದು ‘ವಂಡರ್‌ವಾಲ್’ ಎಂಬ ಸಿನಿಮಾಕ್ಕೆ ಸಂಗೀತ ಮಾಡಲು. ಸ್ಟುಡಿಯೋದಲ್ಲಿ ಸ್ಟೀರಿಯೋ ಯಂತ್ರ ಇರಲಿಲ್ಲ. ಕಂಪನಿಯ ಭಾಸ್ಕರ್ ಮೆನನ್ ಅವರು ಎರಡು ಟ್ರ್ಯಾಕಿನ ಯಂತ್ರವೊಂದನ್ನು ಕಲ್ಕತ್ತಾದಿಂದ ರೈಲಿನಲ್ಲಿ ತರಿಸಿಕೊಟ್ಟರು. ತಿರುವನಂತಪುರ ಮೂಲದ ಈ ಮೆನನ್ ಮುಂದೆ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್‌ನ ಮುಖ್ಯಸ್ಥರಾದರು, ಆಮೇಲೆ ಜಗತ್ತಿನ ಇಎಂಐ ಸಂಗೀತ ವ್ಯವಹಾರವನ್ನೇ ನಡೆಸಿದರು.

ಸಿನಿಮಾದ ಕೆಲಸದ ಜೊತೆಗೇ ಹ್ಯಾರಿಸನ್ ಇನ್ನೊಂದು ಹಾಡಿನ ವಾದ್ಯಭಾಗವನ್ನೂ ಇಲ್ಲಿ ಮುದ್ರಿಸಿಕೊಂಡರು. ಅದು ‘ದಿ ಇನ್ನರ್ ಲೈಟ್’. ಕೇಂಬ್ರಿಜ್‌ನಲ್ಲಿ ಸಂಸ್ಕೃತ ಕಲಿಸುತ್ತಿದ್ದ, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದಿದ್ದ ಹ್ವಾನ್ ಮಸ್ಕರೋ ಎಂಬ ವಿದ್ವಾಂಸರು ಚೀನಾದ ದಾವ್ ದ ಜಿಂಗ್‌ನ ಒಂದು ಪದ್ಯಕ್ಕೆ ಯಾಕೆ ಸ್ವರ ಹಾಕಬಾರದು ಎಂದು ಅವರಿಗೆ ಕಾಗದ ಬರೆದಿದ್ದರು. ಅದರಿಂದ ಹುಟ್ಟಿದ ಹಾಡು. ಫೆಬ್ರವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅದಕ್ಕೆ ಧ್ವನಿ ಸೇರಿತು. ಕೊನೆಯಲ್ಲಿ ಲೆನನ್ ಮತ್ತು ಮೆಕಾರ್ಟ್ನಿ ಸ್ವಲ್ಪ ದನಿಗೂಡಿಸುತ್ತಾರೆ, ಅಷ್ಟೆ. ನಾಲ್ವರಲ್ಲಿ ಒಬ್ಬರೂ ಯಾವ ವಾದ್ಯವನ್ನೂ ಮುಟ್ಟದ ಬೀಟಲ್ಸ್ ಹಾಡು ಅದು. ಸರೋದ್, ಕೊಳಲು, ಹಾರ್ಮೋನಿಯಂ ಎಲ್ಲ ಮುಂಬೈಯಲ್ಲಿ ಕೂತು ನುಡಿಸಿದ್ದು.

1968ರ ಮಾರ್ಚ್ 15ರಂದು ಅದು ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಎಲ್ಲಿ? ‘ಲೇಡಿ ಮಡೋನಾ’ ಪ್ಲೇಟಿನ ಹಿಂಬದಿಯಲ್ಲಿ. ಆ ದಿನ ಹ್ಯಾರಿಸನ್ ಹೃಷಿಕೇಶದಲ್ಲಿದ್ದರು. ಬೀಟಲ್ಸ್‌ನ ಮೊದಲ ಸಿಂಗಲ್ ಬಂದದ್ದು 1962ರಲ್ಲಿ. ಹ್ಯಾರಿಸನ್ ಬರೆದ ಹಾಡೊಂದು ಸಿಂಗಲ್‌ನಲ್ಲಿ ಜಾಗ ಪಡೆಯಲು ಆರನೇ ವರ್ಷದವರೆಗೆ ಕಾಯಬೇಕಾಯಿತು, ಅದೂ ಹಿಂಬದಿಯಲ್ಲಿ. ಲೇಬಲ್ ಮೇಲೆ ಹಾಡು ಬರೆದವರ ಹೆಸರಿತ್ತು, ತಂಡದ ಹೆಸರಿತ್ತು. ನುಡಿಸಿದವರ ಹೆಸರಿಲ್ಲ. ಆ ದಿನಗಳಲ್ಲಿ ಹ್ಯಾರಿಸನ್ ಜೊತೆ ಕೆಲಸ ಮಾಡಿದವರಲ್ಲಿ ಸರೋದಿನ ಆಶಿಷ್ ಖಾನ್, ತಬಲಾ ಪಖವಾಜಿನ ಮಹಾಪುರುಷ ಮಿಶ್ರಾ, ಸಂತೂರಿನ ಶಿವಕುಮಾರ್ ಶರ್ಮಾ ಇದ್ದರು. ಈ ಹಾಡಿನಲ್ಲಿ ಕೊಳಲು ಯಾರದ್ದು ಎಂದು ಕೇಳಿದರೆ ಒಂದು ಪುಸ್ತಕ ಹರಿಪ್ರಸಾದ್ ಚೌರಾಸಿಯಾ ಎನ್ನುತ್ತದೆ, ಇನ್ನೊಂದು ಬೇರೆ ಹೆಸರು ಹೇಳುತ್ತದೆ. ಬೀಟಲ್ಸ್ ಯಾವ ದಿನ ಏನು ತಿಂದರು ಎಂಬುದಕ್ಕೂ ದಾಖಲೆ ಇಟ್ಟಿರುವ ಜಗತ್ತಿನಲ್ಲಿ ಈ ಗತಿ.

ಬಿ ಸೈಡ್ ಎಂದರೆ ಏನು ಎಂದು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಏಳು ಇಂಚಿನ ಪ್ಲೇಟಿಗೆ ಎರಡು ಮಗ್ಗುಲು. ರೇಡಿಯೋದವರು ಹಾಕಲಿ ಎಂದು ಕಂಪನಿ ಆರಿಸಿದ ಹಾಡು ಎ ಸೈಡ್. ತಿರುಗಿಸಿದರೆ ಬಿ ಸೈಡ್. ಅಲ್ಲಿ ಏನಾದರೂ ಇರಲೇಬೇಕಲ್ಲ, ಹಾಗಾಗಿ ಉಳಿದದ್ದು, ಅವಸರದಲ್ಲಿ ಮಾಡಿದ್ದು, ಆಲ್ಬಮ್ಮಿಗೆ ಒಗ್ಗದ್ದು ಎಲ್ಲ ಅಲ್ಲಿಗೆ ಹೋಗುತ್ತಿತ್ತು. ಜನ ದುಡ್ಡು ಕೊಡುತ್ತಿದ್ದದ್ದು ಎ ಸೈಡಿಗೆ. ಆದರೆ ಹಾಡು ಬರೆದವರ ರಾಯಲ್ಟಿಯಲ್ಲಿ ಎರಡೂ ಮಗ್ಗುಲಿಗೆ ಸಮಪಾಲು. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’ ಲಕ್ಷಗಟ್ಟಲೆ ಮಾರಾಟವಾದಾಗ ಅದರ ಹಿಂದೆ ಇದ್ದದ್ದು ಡ್ರಮ್ಮರ್ ರೋಜರ್ ಟೇಲರ್ ಕಾರಿನ ಮೋಹದ ಬಗ್ಗೆ ಬರೆದ ಹಾಡು. ಫ್ರೆಡ್ಡಿ ಮರ್ಕ್ಯುರಿಗೆ ಬಂದಷ್ಟೇ ದುಡ್ಡು ಟೇಲರ್‌ಗೂ ಬಂತು. ಇದರಿಂದ ತಂಡದಲ್ಲಿ ವರ್ಷಗಟ್ಟಲೆ ಮುನಿಸು. ತನ್ನ ಹಾಡನ್ನು ಹಿಂದೆ ಹಾಕುತ್ತೇವೆಂದು ಒಪ್ಪುವವರೆಗೆ ಟೇಲರ್ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು ಎಂಬ ಕಥೆಯನ್ನು ಅಭಿಮಾನಿಗಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಯಾರೂ ಗಮನಿಸದ ಮಗ್ಗುಲು ಎಂಬುದೇ ಕೆಲವರಿಗೆ ಅನುಕೂಲವೂ ಆಯಿತು. ಬೀಟಲ್ಸ್‌ನ ‘ರೇನ್’ ಕೇಳಿ. 1966ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಿಂದೆ ಬಂದದ್ದು. ವಾದ್ಯಗಳನ್ನು ಬೇಗ ಬೇಗ ನುಡಿಸಿ ಮುದ್ರಿಸಿ, ಆಮೇಲೆ ಟೇಪಿನ ವೇಗ ತಗ್ಗಿಸಿದರು. ಡ್ರಮ್ ಸದ್ದಿಗೆ ಒಂದು ಭಾರ ಬಂತು, ಇಡೀ ಹಾಡು ಮಳೆಯಲ್ಲಿ ನೆನೆದ ಕಂಬಳಿಯ ಹಾಗೆ ಜೋತುಬಿತ್ತು. ಕೊನೆಯಲ್ಲಿ ಲೆನನ್ ಧ್ವನಿಯ ಟೇಪನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಎ ಸೈಡಿಗಿಂತ ನೂರು ಪಾಲು ಮೇಲು ಎಂಬುದು ನನ್ನ ಅಭಿಪ್ರಾಯ. ಎಂ.ಟೆಕ್ ಹಾಸ್ಟೆಲಿನಲ್ಲಿ ಸಿಗ್ನಲ್ ಪ್ರಾಸೆಸಿಂಗ್ ಅಸೈನ್‌ಮೆಂಟಿಗೆಂದು ಈ ಹಾಡನ್ನು ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಿ ಕೇಳಿದ್ದೆ. ಆ ಕಾಲದವರು ಒಂದು ಗುಂಡಿ ತಿರುಗಿಸಿ ಮಾಡಿದ್ದನ್ನು ನಾನು ನಲವತ್ತು ಸಾಲು ಕೋಡ್ ಬರೆದು ಬಿಚ್ಚಿದ್ದೆ. ಬಿ ಸೈಡಿನ ಹುಚ್ಚು ಹತ್ತಿದ್ದು ಅಲ್ಲಿಂದ.

ನಿಮಗೂ ಒಂದು ಬಿ ಸೈಡ್ ಬಾಯಿಪಾಠ ಇದೆ, ಗೊತ್ತಿಲ್ಲ ಅಷ್ಟೆ. ಕ್ರಿಕೆಟ್ ಸ್ಟೇಡಿಯಂಗಳಲ್ಲಿ ಎರಡು ಸಲ ಕಾಲು ಬಡಿದು ಒಂದು ಚಪ್ಪಾಳೆ ಹೊಡೆಯುವ ಆ ‘ವಿ ವಿಲ್ ರಾಕ್ ಯೂ’ 1977ರಲ್ಲಿ ‘ವಿ ಆರ್ ದಿ ಚಾಂಪಿಯನ್ಸ್’ ಪ್ಲೇಟಿನ ಹಿಂಬದಿಯಾಗಿತ್ತು. ಹಾಡಿದ ಮರ್ಕ್ಯುರಿ ಹುಡುಗನಾಗಿದ್ದಾಗ ಓದಿದ್ದು ಇಲ್ಲೇ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಸ್ಮಿತ್ಸ್ ತಂಡದ ಅತಿ ಹೆಸರುವಾಸಿ ಹಾಡು ‘ಹೌ ಸೂನ್ ಈಸ್ ನೌ’ ಕೂಡ 1984ರಲ್ಲಿ ಮೊದಲು ಬೇರೊಂದು ಹಾಡಿನ ಹಿಂದೆ ಬಂದು, ಮರುವರ್ಷ ಮುಂದಕ್ಕೆ ಬಡ್ತಿ ಪಡೆಯಿತು. ಎಲ್ಲದಕ್ಕೂ ಬಡ್ತಿ ಸಿಗುವುದಿಲ್ಲ. ಕೇಟ್ ಬುಷ್ 1985ರಲ್ಲಿ ಹಾಡಿದ ‘ರನ್ನಿಂಗ್ ಅಪ್ ದಟ್ ಹಿಲ್’ 2022ರಲ್ಲಿ ಒಂದು ವೆಬ್ ಸರಣಿಯಿಂದಾಗಿ ಮತ್ತೆ ಎದ್ದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತಲ್ಲ, ಅದರ ಹಿಂಬದಿಯಲ್ಲಿ ‘ಅಂಡರ್ ದಿ ಐವಿ’ ಎಂಬ ಪುಟ್ಟ ಹಾಡಿದೆ. ಬರೀ ಪಿಯಾನೋ, ಬರೀ ಧ್ವನಿ. ರಾತ್ರಿ ಊಟವಾದ ಮೇಲೆ ಒಬ್ಬರೇ ಕೇಳಿ ನೋಡಿ.

ಒಯಾಸಿಸ್ ತಂಡದ್ದು ಇನ್ನೊಂದು ಬಗೆ. 90ರ ದಶಕದ ಸಿ.ಡಿ. ಸಿಂಗಲ್‌ಗಳಲ್ಲಿ ಒಂದು ಮುಖ್ಯ ಹಾಡಿನ ಜೊತೆ ಎರಡು ಮೂರು ಹಾಡು ತುಂಬಬೇಕಿತ್ತು. ನೋಯೆಲ್ ಗ್ಯಾಲಘರ್ ಕೈಗೆ ಬಂದದ್ದನ್ನೆಲ್ಲ ಅಲ್ಲಿ ಸುರಿದರು. 1995ರ ‘ವಂಡರ್‌ವಾಲ್’ ಸಿಂಗಲ್‌ನ ಹಿಂದೆ ‘ದಿ ಮಾಸ್ಟರ್‌ಪ್ಲ್ಯಾನ್’ ಹೋಯಿತು. ಇವನ್ನು ಮುಂದಿನ ಆಲ್ಬಮ್ಮಿಗೆ ಉಳಿಸಿಕೊಳ್ಳಬೇಕಿತ್ತು ಎಂದು ಅವರು ಆಮೇಲೆ ಹಳಹಳಿಸಿದರು. 1998ರಲ್ಲಿ ಬರೀ ಬಿ ಸೈಡುಗಳದ್ದೇ ಒಂದು ಆಲ್ಬಮ್ ಬಂತು. ಅಂದಹಾಗೆ ‘ವಂಡರ್‌ವಾಲ್’ ಎಂಬ ಹೆಸರು ಬಂದದ್ದು ಹ್ಯಾರಿಸನ್‌ರ ಆ ಸಿನಿಮಾ ಸಂಗೀತದ ಪ್ಲೇಟಿನಿಂದ. ಮದುವೆ ರಿಸೆಪ್ಶನ್ನುಗಳಲ್ಲಿ ಗಿಟಾರ್ ಹಿಡಿದವರೆಲ್ಲ ನುಡಿಸುವ ಆ ಹಾಡಿನ ಹೆಸರಿನ ಒಂದು ಎಳೆ ನಮ್ಮ ಫೋರ್ಟ್‌ವರೆಗೆ ಬರುತ್ತದೆ.

ಬಿ ಸೈಡಿಗೆ ನಿಜವಾದ ಅಪಾಯ ಇರುವುದು ಮಾಧ್ಯಮ ಬದಲಾದಾಗ. ಪ್ಲೇಟಿನಿಂದ ಕ್ಯಾಸೆಟ್‌ಗೆ, ಕ್ಯಾಸೆಟ್‌ನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮೊಬೈಲಿಗೆ. ಪ್ರತಿ ಸಲವೂ ಯಾರೋ ಒಬ್ಬರು ಕೂತು ಯಾವುದು ಮುಖ್ಯ ಎಂದು ತೀರ್ಮಾನಿಸುತ್ತಾರೆ. ಆಲ್ಬಮ್‌ಗಳು ಮೊದಲು ದಾಟುತ್ತವೆ. ‘ದಿ ಇನ್ನರ್ ಲೈಟ್’ ಯಾವ ಆಲ್ಬಮ್ಮಿನಲ್ಲೂ ಇರಲಿಲ್ಲವಾದ್ದರಿಂದ ಅದು 70ರ ದಶಕದ ಕೊನೆಯವರೆಗೆ ಕಾಯಿತು. ಆಗ ಬಂದ ಸಂಕಲನದ ಹೆಸರೇ ‘ರೇರಿಟೀಸ್’. ಸಿ.ಡಿ.ಗೆ ಬಂದದ್ದು 1988ರಲ್ಲಿ. ಮುಂಬೈಯಲ್ಲಿ ಮುದ್ರಿಸಿದ ಇನ್ನೊಂದು ಟೇಕ್, ಬರೀ ವಾದ್ಯಗಳದ್ದು, ಹೊರಬಿದ್ದದ್ದು 2014ರಲ್ಲಿ, ಹ್ಯಾರಿಸನ್ ತೀರಿಕೊಂಡು ಸುಮಾರು 13 ವರ್ಷವಾದ ಮೇಲೆ. ಅಬ್ಬೆ ರೋಡ್‌ನಲ್ಲಿ ಟೇಪುಗಳನ್ನು ಜೋಪಾನ ಮಾಡುವ ಪದ್ಧತಿ ಇತ್ತು.

ಭಾರತದಲ್ಲಿ ಒಂದು ವಿಚಿತ್ರ ನಡೆದಿತ್ತು. ಬ್ರಿಟನ್ನಿನಲ್ಲಿ 78ರ ವೇಗದ ಅರಗಿನ ಪ್ಲೇಟುಗಳು ಮೂಲೆ ಸೇರಿದ ಮೇಲೂ ಇಲ್ಲಿ 60ರ ದಶಕದ ನಡುವಿನವರೆಗೆ ಅವು ತಯಾರಾಗುತ್ತಿದ್ದವು. ಹಾಗಾಗಿ ಬೀಟಲ್ಸ್ ಹಾಡುಗಳೂ 78ರ ಪ್ಲೇಟುಗಳಾಗಿ ಬಂದವು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ ಬೀಟಲ್ಸ್! ಹೊರದೇಶದ ಸಂಗ್ರಾಹಕರು ಇವಕ್ಕೆ ಎಷ್ಟು ಬೇಕಾದರೂ ಕೊಡುತ್ತಾರೆ. ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಒಮ್ಮೆ ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಗಡಿಯ ಚಾಚಾ ಹೇಳಿದ ಬೆಲೆ ನನ್ನ ಎರಡು ತಿಂಗಳ ಮನೆ ಬಾಡಿಗೆ. ಮೆಲ್ಲನೆ ವಾಪಸ್ ಇಟ್ಟೆ.

ಇಷ್ಟೆಲ್ಲ ಬಲ್ಲವನು ಮನೆಯಲ್ಲಿ ಮಾಡಿದ್ದೇನು ಎಂದು ಹೇಳಿಬಿಡುತ್ತೇನೆ.

ನನ್ನ ಕೆಲಸ ಡೇಟಾ ಮೈಗ್ರೇಶನ್. ಹಳೆಯ ಸಿಸ್ಟಮ್ಮಿನಿಂದ ಹೊಸದಕ್ಕೆ ದಾಖಲೆ ದಾಟಿಸುವುದು. ಹೊಸದರಲ್ಲಿ ಜಾಗವಿಲ್ಲದ ಕಾಲಮ್ಮುಗಳನ್ನು ಬಿಟ್ಟುಬಿಡುತ್ತೇವೆ, ಸಾಮಾನ್ಯವಾಗಿ ‘ಇತರೆ’ ಎಂಬಂಥವನ್ನು. ಅಪ್ಪ ಹೋದ ಮೇಲೆ ಹುಬ್ಬಳ್ಳಿಯ ಮನೆ ಖಾಲಿ ಮಾಡುವಾಗ ಅರವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳಿದ್ದವು. ಧಾರವಾಡ ಆಕಾಶವಾಣಿಯಿಂದ ಅಪ್ಪ ಟೇಪ್ ಮಾಡಿಕೊಂಡಿದ್ದು. ಎ ಸೈಡಿನ ಚೀಟಿಯಲ್ಲಿ ಅವರ ಗುಂಡು ಅಕ್ಷರದಲ್ಲಿ ಮನ್ಸೂರ, ಗಂಗೂಬಾಯಿ, ಭೀಮಸೇನ ಎಂದೆಲ್ಲ ಇತ್ತು. ಬಿ ಸೈಡಿನಲ್ಲಿ ಕೆಲವಕ್ಕೆ ಚೀಟಿಯೇ ಇಲ್ಲ, ಕೆಲವದರ ಮೇಲೆ ‘ಇತರೆ’. ನನಗಿದ್ದದ್ದು ಹತ್ತು ದಿನದ ರಜೆ. ಎ ಸೈಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿದೆ. ಕ್ಯಾಸೆಟ್‌ಗಳು ಗುಜರಿಗೆ ಹೋದವು. ಅಚ್ಚುಕಟ್ಟಾಗಿ ಕೆಲಸ ಮುಗಿಸಿದೆ ಎಂಬ ಸಮಾಧಾನದಲ್ಲಿ ಮುಂಬೈ ರೈಲು ಹತ್ತಿದೆ.

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಕೇಳಿದಳು, “ತಮ್ಮಾ, ಆ ಕ್ಯಾಸೆಟ್ಟಿನ ಎರಡನೇ ಮಗ್ಗಲಾಗ ನಿಮ್ಮಪ್ಪ ನಿಮ್ಮಜ್ಜಿ ಹಾಡಿದ್ದು ಟೇಪ್ ಮಾಡಿದ್ರು. ಅದನ್ನ ಒಮ್ಮಿ ಹಚ್ಚಪಾ.”

“ಅದನ್ನ ಇಳಿಸಿಕೊಂಡಿಲ್ಲವ್ವಾ” ಎಂದೆ. ಅವಳು ಬಯ್ಯಲಿಲ್ಲ. “ಹೋಗ್ಲಿ ಬಿಡು” ಎಂದು ರೊಟ್ಟಿ ಬಡಿಯಲು ಕೂತಳು. ಬೈದಿದ್ದರೆ ಚಲೋ ಇತ್ತು.

ಗುಜರಿ ಅಂಗಡಿಗೆ ಹೋಗಿ ಬಂದೆ. ಒಂದು ವರ್ಷದ ಹಿಂದಿನ ಪ್ಲಾಸ್ಟಿಕ್ ಕೇಳುತ್ತಿದ್ದೀರಾ ಎಂಬಂತೆ ನೋಡಿದರು. ಆಮೇಲೆ ಗದಗಿನ ಅತ್ತೆಗೆ ಫೋನ್ ಮಾಡಿದಾಗ ಅಪ್ಪ ಅವರಿಗೆಂದು ಒಂದು ಕ್ಯಾಸೆಟ್ ನಕಲು ಮಾಡಿಕೊಟ್ಟಿದ್ದು ಗೊತ್ತಾಯಿತು. ಟ್ರಂಕಿನ ತಳದಲ್ಲಿ, ಬೂಸಲು ಹಿಡಿದು, ಸಿಕ್ಕಿತು. ಅದನ್ನು ಮುಂಬೈಗೆ ತಂದು, ಚೋರ್ ಬಜಾರಿನಲ್ಲಿ ಅದೇ ಚಾಚಾನ ಅಂಗಡಿಯಿಂದ ಹಳೆಯ ಟೇಪ್ ಡೆಕ್ ಕೊಂಡು, ಟೇಪನ್ನು ಬೇರೊಂದು ಕ್ಯಾಸೆಟ್ಟಿನ ಒಡಲಿಗೆ ಸೇರಿಸಿ, ಒಂದು ಭಾನುವಾರ ಹಚ್ಚಿದೆ. ಈ ಸಲ ಬಿ ಸೈಡಿನಿಂದಲೇ ಶುರು ಮಾಡಿದೆ.

ಮೊದಲು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಅಜ್ಜಿಯ ಧ್ವನಿ, ಬೀಸುವ ಪದ. ಎರಡು ಸಾಲು ಆಗುವಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್. ಅಜ್ಜಿ ಹಾಡು ನಿಲ್ಲಿಸುತ್ತಾಳೆ. ಬಸ್ಸು ಹೋಗುವ ತನಕ ಸುಮ್ಮನೆ ಇರುತ್ತಾಳೆ. ಆಮೇಲೆ ಅಪ್ಪನ ದನಿ, ನನಗಿಂತ ಚಿಕ್ಕ ವಯಸ್ಸಿನದು: “ಹೂಂ, ಈಗ ಹಾಡು ಯವ್ವಾ.”

ಒಟ್ಟು ಹನ್ನೊಂದು ನಿಮಿಷ ಇದೆ. ಅವ್ವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ರಾತ್ರಿ ಫೋನ್ ಮಾಡಿದಳು. ಮೂರು ಸಲ ಕೇಳಿದೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಇದೊಂದ ಅಲ್ಲಪಾ, ಇನ್ನೂ ನಾಕೈದು ಪದ ಇದ್ದುವು” ಎಂದಳು.